ನನ್ನ ಈಸ್ಟ್ ಲೇಖನ ಮುಚ್ಚಿಸಿದ ಸೇಂದಿ ಅಂಗಡಿ

ಮಾನ್ಯ ಅಬ್ಕಾರಿ ಅಧಿಕಾರಿಗಳೇ,

ಮಕ್ತಲ್ ಹೊರಗಿನ ಪೆಂಟಮ್ಮನವರ ಸೇಂದಿ ಅಂಗಡಿಗೆ ನೀವು ಬೀಗ ಹಾಕಿಸಿದ್ದು ನನ್ನ ಸಂಶೋಧನಾ ಲೇಖನದ ಆಧಾರದ ಮೇಲೆ. ಸೇಂದಿಗೆ ಮತ್ತಿನ ಔಷಧ ಬೆರೆಸಿದ್ದಾರೆಂದು ಆ ಲೇಖನ ಎಲ್ಲೂ ಹೇಳಿಲ್ಲ. ಇದನ್ನು ನಿಮಗೆ ತೆಲುಗಿನಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ಉತ್ತರ ಬರಲಿಲ್ಲ. ಈಗ ನಮ್ಮ ಓಣಿಯವರು ಓದುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಗದ್ವಾಲದಲ್ಲಿ ಜೀವಶಾಸ್ತ್ರ ಕಲಿಸುವವಳು. ಈಸ್ಟ್ ಒಂದೇ ಕೋಶದ ಜೀವಿ. ಹೊರಗೆ ಬಿಸಿಯೋ ಹಸಿವೋ ವಿಷವೋ ತಟ್ಟಿದರೆ ಸುದ್ದಿ ಅಣುವಿನಿಂದ ಅಣುವಿಗೆ ಕೈ ದಾಟಿ ಒಳಗಿನ ಜೀನ್‌ಗಳಿಗೆ ಮುಟ್ಟುತ್ತದೆ; ಯಾವುದು ಯಾವುದನ್ನು ಎಬ್ಬಿಸುತ್ತದೆ ಎಂಬ ಜಾಲವನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕೆಲಸ. ಆ ಕೆಲಸಕ್ಕೆ ಸೇಂದಿಯಲ್ಲಿರುವ ಈಸ್ಟ್ ಬೇಕೆಂದು ಹೋದಾಗ ಪೆಂಟಮ್ಮ ನಗುತ್ತಲೇ ಸೀಸೆ ತುಂಬಿಸಿದ್ದರು: "ಒಯ್ರಿ ಮೇಡಮ್, ಕುಡಿಯಾಕಲ್ದ ಓದಾಕ ಸೇಂದಿ ಕೇಳಿದಾಕಿ ನೀವೊಬ್ಬರೇ."

ಆ ಈಸ್ಟ್‌ನಲ್ಲಿ ವಿಷ ತಡೆಯುವ ಜೀನ್‌ಗಳೆಲ್ಲ ಎದ್ದು ಕೂತಿದ್ದವು. ಏಳದೆ ಏನು? ಸೇಂದಿಯ ಅಮಲು ಈಸ್ಟೇ ಹುಟ್ಟಿಸಿದ್ದು, ಆ ಅಮಲೇ ಅದಕ್ಕೆ ವಿಷ. ನಾನು ಹೋಲಿಸಿದ್ದು ಪ್ರಯೋಗಾಲಯದ ಸಕ್ಕರೆ ನೀರಿನಲ್ಲಿ ಸುಖವಾಗಿ ಬೆಳೆದ ಈಸ್ಟಿನೊಂದಿಗೆ. ಗಟ್ಟುವಿನಿಂದ ಅಲಂಪುರದವರೆಗೆ ಯಾರ ಸೇಂದಿ ಮಡಕೆ ತಂದು ನೋಡಿದರೂ ಇದೇ ಉತ್ತರ ಬರಬಹುದು. ಎಲ್ಲಕ್ಕೂ ಬೀಗ ಹಾಕುತ್ತೀರಾ?

ನೀವು ಫೋನಿನಲ್ಲಿ ಕೇಳಿದಿರಿ: "ವಿಷದ ಜೀನ್ ಎದ್ದಾವ ಅಂದ್ರ ಒಳಗ ಏನೋ ಬೆರೆಸ್ಯಾರ ಅಂತಾತಲ್ರೀ?"

"ಜೀನ್ ಎದ್ದಿರುವುದಂತೂ ನಿಜ, ಸರ್" ಎಂದೆ. ಒಬ್ಬ ಅಧಿಕಾರಿ ನನ್ನ ಲೇಖನ ಓದಿದ್ದಾರೆಂಬ ಹಿಗ್ಗಿನಲ್ಲಿ, ಅವು ಸೇಂದಿಯ ಅಮಲಿಗೇ ಏಳುತ್ತವೆ ಎಂಬ ಮುಂದಿನ ವಾಕ್ಯ ಹೇಳಲಿಲ್ಲ. ನಾಚಿಕೆ ಅಲ್ಲಿಂದ ಶುರುವಾಗಿದೆ, ಇನ್ನೂ ಇಳಿದಿಲ್ಲ. ಬೀಗ ಬಿದ್ದ ಮೇಲೆ ನಿಮ್ಮ ಕಚೇರಿಗೆ ಓಡಿಬಂದು ಔಷಧ ಪರೀಕ್ಷೆಗೆ ಸೇಂದಿ ಕಳಿಸಿ ಎಂದು ಬೇಡಿದಾಗ ನೀವು ನಕ್ಕಿರಿ: "ಕಂಪ್ಯೂಟರ್ ಹೇಳೇತಿ ಅಂದ್ಮ್ಯಾಗ ಮತ್ತ ಲ್ಯಾಬ್ ಯಾಕ್ರೀ?" ವಿಜ್ಞಾನದ ಮೇಲೆ ಇಷ್ಟು ಭಕ್ತಿ ನನಗೂ ಇಲ್ಲ, ಸ್ವಾಮಿ.

ಪೆಂಟಮ್ಮ ಬೈಯಲಿಲ್ಲ. "ನಿಮ್ ಕಂಪ್ಯೂಟರ್ ಒಂದ್ ಗುಟುಕರ ಕುಡ್ದು ನೋಡೇತೇನ್ರಿ?" ಎಂದಷ್ಟೇ ಕೇಳಿ ಹಿತ್ತಲಿಗೆ ಕರೆದೊಯ್ದರು. ದಿನಾ ಕೆತ್ತದಿದ್ದರೆ ತಾಳೆಯ ಗೊನೆ ಒಣಗಿ ಒಸರು ನಿಂತುಹೋಗುತ್ತದೆ. ಅದಕ್ಕೆ ಅವರ ಗಂಡ ಮರ ಹತ್ತುತ್ತಾರೆ, ಇಳಿಸುತ್ತಾರೆ, ನೆಲಕ್ಕೆ ಸುರಿಯುತ್ತಾರೆ. ನನ್ನೆದುರೇ ಸುರಿದರು.

ನನ್ನ ಬೇಡಿಕೆ ಇಷ್ಟೇ. ಇವತ್ತಿನ ಸೇಂದಿಯನ್ನು ಔಷಧದ ಪರೀಕ್ಷೆಗೆ ಕಳಿಸಿ. ಏನೂ ಸಿಗದಿದ್ದರೆ ಬೀಗ ಹಾಕಿದಾಗ ನೆರೆದಿದ್ದ ಜನರ ಮುಂದೆಯೇ ಅದನ್ನು ತೆಗೆಯಿರಿ, ಈ ಹಂಗಾಮಿನ ಒಸರು ನಿಲ್ಲುವ ಮೊದಲು. ತಪ್ಪು ಹೇಗಾಯಿತೆಂದು ಜನ ಕೇಳಿದರೆ ನೀವು ಬಾಯಿ ಬಿಡುವುದು ಬೇಡ, ನಾನು ಹೇಳುತ್ತೇನೆ. ಈ ಸಲ ಪೂರ್ತಿ ಹೇಳುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ 'ತಜ್ಞೆ'ಯಾಗಿರುವ,
ಪೆಂಟಮ್ಮನವರ ಅಂಗಡಿಯ ದಾರಿ ಬಿಟ್ಟು ಸುತ್ತಿ ಹೋಗುವ,
ನವನೀತಾ