ಕರಡಿಯ ಹೆಜ್ಜೆ ಹಿಡಿದು ಹೋದ ದೇವಿದಾಸ ಕಾಕಾನಿಗೆ

ದೇವಿದಾಸ ಕಾಕಾ, ರಾಜೇಶ್ವರದಿಂದ ಮಹಜಬೀನಳ ಸಲಾಮು.

ನೀವು ಹುಮನಾಬಾದಿಗೆ, ಮಗಳ ಮನೆಗೆ ಹೋಗಿ ಎರಡು ತಿಂಗಳಾಯಿತು. ಎದುರಿಗಿದ್ದಾಗ ಬಾಯಿಗೆ ಬಾರದ್ದನ್ನು ಬರೆಯುತ್ತಿದ್ದೇನೆ. ಕನ್ನಡಕ ಸಿಗದಿದ್ದರೆ ನಿಮ್ಮ ಮಗಳು ಸುಂದರಬಾಯಿ ಅಕ್ಕ ಓದಿ ಹೇಳಲಿ.

ಅಂದು ಬೆಳಿಗ್ಗೆ ನಾನು ತೊಗರಿ ಕೊಯ್ಯುತ್ತಿದ್ದೆ. ಬದುವಿನ ಬಾರಿ ಹಣ್ಣಿನ ಗಿಡದ ಹಿಂದೆ ಕಪ್ಪಗೆ ಏನೋ ಅಲ್ಲಾಡಿತು. ಯಾರದೋ ಎಮ್ಮೆ ಎಂದುಕೊಂಡು ಕೂಗಿ ಓಡಿಸಲು ಹೋದೆ. ಎದ್ದು ನಿಂತದ್ದು ಕರಡಿ! ಯಾವ ಕಾಡಿನಿಂದ ದಾರಿ ತಪ್ಪಿ ಬಂದಿತ್ತೋ, ನಮ್ಮೂರಲ್ಲಿ ಯಾರೂ ಕಂಡದ್ದಲ್ಲ. ಆಗ ಹಿಂದಿನಿಂದ ನಿಮ್ಮ ದನಿ: "ಓಡಬ್ಯಾಡ ಬೇಟಿ. ಸಾವಕಾಶ ಹಿಂದಕ್ಕ ಸರಿ."

ಆಡು ಮೇಯಲು ಬಿಟ್ಟು ಬಂದ ನಿಮ್ಮ ಕೈಯಲ್ಲಿ ಬಿದಿರಿನ ಬಿಲ್ಲು. ಹಂದಿ ಬೆದರಿಸಲು ನೀವು ಹಿಡಿದು ತಿರುಗುವ ಆ ಬಿಲ್ಲನ್ನು ನೋಡಿ ನಾನೂ ಎಷ್ಟೋ ಸಲ ನಕ್ಕಿದ್ದೆ. ಹಿಂದೆ ಸರಿಯುವಾಗ ಎಡವಿ ಬಿದ್ದೆ. ಕರಡಿ ನನ್ನ ಮೇಲೆ ನುಗ್ಗಿತು. ನಿಮ್ಮ ಬಾಣ ಅದರ ಭುಜಕ್ಕೆ ನಾಟಿತು. ಕಿರುಚುತ್ತ ಗುಡ್ಡದ ಕಡೆ ಓಡಿಹೋಯಿತು.

ಊರೆಲ್ಲ ಸೇರಿತು. ನನ್ನ ಮೈದುನ ಫಿರೋಜ್ ಹಾರ ತಂದ. ನೀವು ಅದನ್ನು ಕೈಯಿಂದ ಸರಿಸಿದಿರಿ.

"ಗಾಯ ಮಾಡಿ ಬಿಟ್ಟೀನಿ. ಹಂಗ ನರಳಿ ಸಾಯಾಕ ಬಿಡಬಾರದು. ಬಿಲ್ಲು ಕೈಗೆ ಕೊಡುವಾಗ ನಮ್ಮಜ್ಜ ಇದೊಂದೇ ಮಾತು ಹೇಳ್ಯಾನ." ಹಾಗೆಂದು ಬಸವಕಲ್ಯಾಣದ ಅರಣ್ಯ ಕಚೇರಿಗೆ ಹೊರಟಿರಿ.

"ಕೇಸ್ ಆಗ್ತದ ಕಾಕಾ, ಸುಮ್ಮನಿರ್ರಿ. ನಾವ್ಯಾರೂ ಬಾಯಿ ಬಿಡಂಗಿಲ್ಲ," ಎಂದ ಫಿರೋಜ್.

"ನಾ ಸುಮ್ಮನಿದ್ರ ಅದು ಸಾಯ್ತದಲ್ಲೋ. ಔಷಧ ಇರೋದು ಅವರ ಹಂತ್ಯಾಕ."

ಎಪ್ಪತ್ತರ ವಯಸ್ಸಿನಲ್ಲಿ ಎರಡು ದಿನ ಗುಡ್ಡ ತಿರುಗಿದಿರಿ. ಕಲ್ಲಿನ ಮೇಲೆ ಒಣಗಿದ ರಕ್ತ, ಕೆದರಿದ ಹುತ್ತ, ಮುರಿದ ಟೊಂಗೆ, ಇವನ್ನೇ ಓದುತ್ತ ನೀವು ಮುಂದೆ ನಡೆದರೆ ಇಲಾಖೆಯವರು ಹಿಂದೆ ಏದುಸಿರು ಬಿಡುತ್ತಿದ್ದರಂತೆ. ಬಂಡೆಯ ಸಂದಿನಲ್ಲಿ ಕರಡಿ ಸಿಕ್ಕಿತು. ಡಾಕ್ಟರು ಅದಕ್ಕೆ ಮತ್ತಿನ ಸೂಜಿ ಹಾಕಿ ಬಾಣ ತೆಗೆಯುವಷ್ಟು ಹೊತ್ತೂ ನಿಮ್ಮ ಕೈ ಅದರ ಹಣೆಯ ಮೇಲಿತ್ತು ಎಂದು ಇಲಾಖೆಯ ಕಾವಲುಗಾರ ಅಮೀರ ಹೇಳಿದ. ಬಾಣ ಬಿಟ್ಟದ್ದಕ್ಕಿಂತ ಆ ಕೈ ನನಗೆ ದೊಡ್ಡದಾಗಿ ಕಂಡಿತು.

ಮರುದಿನ ನಿಮ್ಮ ಬಿಲ್ಲು ಜಪ್ತಿಯಾಯಿತು, ವಿಚಾರಣೆ ಶುರುವಾಯಿತು. "ನೀ ಏನೂ ನೋಡಿಲ್ಲ ಅನ್ನು," ಎಂದರು ನಮ್ಮ ಮನೆಯವರು. ಕಾಕಾ, ನಾನು ಒಬ್ಬಳೇ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಆದರೂ ನೀವೇ ನಿಜ ಹೇಳಿರುವಾಗ ನಾನು ಹೇಗೆ ಬಚ್ಚಿಟ್ಟುಕೊಳ್ಳಲಿ? ಬಸ್ಸು ಹತ್ತಿ ಹೋದೆ. "ಆ ಬಾಣ ಬಿಡದಿದ್ರ ಇವತ್ತ ನಾ ಇಲ್ಲಿ ನಿಂತಿರ್ತಿದ್ದಿಲ್ರಿ ಸಾಹೇಬ್ರ," ಎಂದೆ. ಹೆಬ್ಬೆಟ್ಟೊತ್ತು ಎಂದು ಮಸಿ ಮುಂದೆ ಸರಿಸಿದರು. ಪೆನ್ನು ಕೇಳಿ ಸಹಿ ಮಾಡಿದೆ.

ಜೀವ ಉಳಿಸಲು ಹೊಡೆದದ್ದೆಂದು ನಿನ್ನೆ ವಿಚಾರಣೆ ಮುಗಿಸಿದ್ದಾರೆ. ಕಾಗದ ನಿಮಗೂ ಬರುತ್ತದೆ. ಆದರೆ ನೀವು ಮೊದಲು ಕೇಳುವುದು ಅದನ್ನಲ್ಲ, ನನಗೆ ಗೊತ್ತು. ಗಾಯ ಮಾಗಿದ ಮೇಲೆ ಶುಕ್ರವಾರ ಕರಡಿಯನ್ನು ದೊಡ್ಡ ಕಾಡಿಗೆ ಒಯ್ದು ಬೋನಿನ ಬಾಗಿಲು ತೆಗೆದರಂತೆ. ತುಸು ಕುಂಟುತ್ತಿತ್ತಂತೆ ಕಾಕಾ, ಆದರೆ ತಾನೇ ನಡೆದು ಹೋಯಿತಂತೆ.

ಅಲ್ಲಾಹ್ ನಿಮಗೆ ಆಯುಸ್ಸು ಕೊಡಲಿ.

ನೀವು ಬೇಟಿ ಎಂದು ಕರೆದ,
ಮಹಜಬೀನ್