ಪೂಜೆಗಿಟ್ಟ ರಾಕೆಟ್

ದೊಡ್ಡಬಳ್ಳಾಪುರ
೫ ಅಕ್ಟೋಬರ್ ೨೦೨೫

ನನ್ನ ಮುದ್ದು ಧನು,

ಭುಜದ ನೋವು ಹೇಗಿದೆ? ಬಿಸಿನೀರಿನ ಶಾಖ ಕೊಡುತ್ತಿದ್ದೀಯೋ, ಸೋಮಾರಿತನ ಮಾಡುತ್ತಿದ್ದೀಯೋ? ಪುಣೆಯಲ್ಲಿ ಊಟ ಸೇರುತ್ತಿದೆಯಾ? ನಾವೆಲ್ಲ ಚೆನ್ನಾಗಿದ್ದೇವೆ. ನೀನು ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಈ ಕಾಗದ. ಇದನ್ನು ಕಟ್ ಮಾಡಲು ಬಟನ್ ಇಲ್ಲ.

ನಿನ್ನ ಟೆನಿಸ್ ರಾಕೆಟ್ ಬ್ಯಾಗು ಹಬ್ಬಕ್ಕೆ ಮುಂಚೆಯೇ ಬಂತು. "ಆಡೋದು ಮುಗೀತಪ್ಪ, ನಾನೇನೂ ಆಗ್ಲಿಲ್ಲ, ಅದನ್ನ ಯಾರಿಗಾದ್ರೂ ಕೊಟ್ಬಿಡಿ" ಅಂದಿದ್ದೆಯಲ್ಲ, ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಪಕ್ಕದ ಮನೆಯ ರಾಮಾಂಜಿನಪ್ಪನೂ ಒಂದು ದಿನ "ಆರ್ನೂರ ಹನ್ನೆರಡನೇ ರ‍್ಯಾಂಕಾ? ಅಷ್ಟು ಕೆಳಗಾ?" ಅಂದ. "ಲೇ, ಅದು ಇಡೀ ಪ್ರಪಂಚಕ್ಕೆ ಕಣೋ. ನೀನು ನಮ್ ಬೀದಿಗೇ ಎಷ್ಟನೇ ನೇಕಾರ ಹೇಳು" ಅಂದೆ. ಅವತ್ತಿನಿಂದ ಪೇಪರ್ ಕೇಳಲೂ ಬಂದಿಲ್ಲ. ನೀನು ಟೂರ್ನಮೆಂಟಿಗೆ ಅಂತ ಟ್ಯುನೀಶಿಯಾ, ಟರ್ಕಿ ಎಲ್ಲ ಒಬ್ಬಳೇ ಸುತ್ತಿದೆ. ಕೋಚ್ ಇಲ್ಲ, ಜೊತೆಗಾರರಿಲ್ಲ, ಹೋಟೆಲ್ ಬಚ್ಚಲಲ್ಲಿ ಬಟ್ಟೆ ಒಗೆದುಕೊಂಡು ಮತ್ತೆ ಕೋರ್ಟಿಗಿಳಿಯುತ್ತಿದ್ದೆ. ನೀನೊಂದು ಮ್ಯಾಚ್ ಗೆದ್ದರೆ ನಿಮ್ಮಮ್ಮ ಬೀದಿಗೆಲ್ಲ ಮೈಸೂರ್ ಪಾಕ್ ಹಂಚುತ್ತಿದ್ದಳು. ಡಬ್ಬಿ ಖಾಲಿಯಾಗುವ ಮೊದಲೇ ಮುಂದಿನ ಮ್ಯಾಚ್ ಸೋತಿರುತ್ತಿದ್ದೆ. ಹಾಗಂತ ತಿಂದ ಸಿಹಿ ಕಹಿಯಾಯಿತಾ?

ನೆನಪಿದೆಯಾ, ನಿನ್ನ ರಾಕೆಟ್ಟಿನ ದಾರ ಕಡಿದಾಗ ನಾನು ಮಗ್ಗದ ನೂಲಿಗೆ ಹಾಕುವ ಹಾಗೆ ಗಂಟು ಹಾಕಿಕೊಟ್ಟಿದ್ದೆ. ಮೊದಲ ಹೊಡೆತಕ್ಕೇ ಕಿತ್ತುಬಂತು. "ಅಪ್ಪಾ, ಇದು ಸೀರೆ ಅಲ್ಲ ಕಣಪ್ಪಾ" ಅಂತ ನೀನು ಕೋರ್ಟಿನಲ್ಲೇ ಬಿದ್ದು ಬಿದ್ದು ನಕ್ಕಿದ್ದೆ. ಆ ನಗು ಕೇಳಿ ತುಂಬಾ ದಿನವಾಯಿತು ಮಗಳೇ. ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ, ಸೋತ ಮ್ಯಾಚುಗಳನ್ನೂ ಸೇರಿಸಿ.

ಅಮ್ಮ ನಿನಗೆ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಪ್ಪ,
ವೇಣುಗೋಪಾಲ್

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟೆ. ಆಯುಧಪೂಜೆಯ ದಿನ ನಿಮ್ಮಜ್ಜಿ ಮಗ್ಗದ ಲಾಳಿಯ ಪಕ್ಕ ನಿನ್ನ ರಾಕೆಟ್ಟನ್ನೂ ಇಟ್ಟು ಕುಂಕುಮ ಹಚ್ಚಿಬಿಟ್ಟಳು. ಪೂಜೆಗಿಟ್ಟದ್ದನ್ನು ಅದರಲ್ಲಿ ದುಡಿಯುವವರೇ ಎತ್ತಬೇಕು, ಎಲ್ಲವನ್ನೂ ಎತ್ತಿದ ಮೇಲೆಯೇ ಮಗ್ಗ ಓಡಬೇಕು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹಬ್ಬ ಮುಗಿದು ಬೀದಿಯ ಮಗ್ಗಗಳೆಲ್ಲ ಸದ್ದು ಮಾಡುತ್ತಿವೆ, ನಮ್ಮದು ಮಾತ್ರ ಸುಮ್ಮನೆ ನಿಂತಿದೆ. ಸೀರೆ ಕೇಳಿಕೊಂಡು ಅಂಗಡಿಯವರು ಬಂದು ಹೋದರು. ನಿನ್ನೆ ತಡೆಯಲಾರದೆ ನಾನೇ ರಾಕೆಟ್ ಎತ್ತಲು ಹೋದೆ. ಅಜ್ಜಿ ಕೈಮೇಲೆ ಒಂದು ಬಿಟ್ಟಳು: "ಅದು ನಿಂದಲ್ಲ, ಬಿಡ್ಲಾ. ಅವಳೇ ಬಂದು ಎತ್ಲಿ."