ಕೇಳದೆ ಬಿಟ್ಟ ಮೊದಲ ಪ್ರಶ್ನೆ

ಮಾರ್ಚ್ ೧೨, ಮಂಗಳವಾರ

ಮನೆಯ ಕಂಪ್ಯೂಟರ್ ಸಂಜೆಯಿಂದ ಸತಾಯಿಸುತ್ತಿತ್ತು. ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಹೆಂಡತಿ ನಾಳೆ ಶಾಲೆಗೆ ಕೊಡಬೇಕಾದ ಪ್ರಶ್ನೆಪತ್ರಿಕೆ ಅದರೊಳಗೇ ಇದೆ. ಪವರ್ ಸಪ್ಲೈ ಬದಲಿಸಿದೆ, ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದೆ. ಮೂರು ತಾಸು ಒದ್ದಾಡಿ ಸೊಂಟ ಹಿಡಿದದ್ದೇ ಲಾಭ.

ಕೊನೆಗೆ ಅವಳೇ ಅಂದಳು: "ರೀ, ಬೆಳಿಗ್ಗೆ ಧೂಳು ಒರೆಸೋವಾಗ ಮಾನಿಟರ್ ವೈರು ಬಿಚ್ಚಿ ಮತ್ತೆ ಹಾಕಿದ್ದೆ. ಹಿಂದೆ ಅಂಥವೇ ಎರಡು ತೂತಿದ್ವು, ಯಾವುದಕ್ಕೆ ಹಾಕಿದೆನೋ."

"ಮೊದಲೇ ಹೇಳೋಕೇನಾಗಿತ್ತು?"

"ಕೇಳಿದ್ರಾ? ಹತ್ತಿರ ಬಂದ್ರೆ 'ಮುಟ್ಟಬೇಡ' ಅಂದ್ರಿ."

ವೈರನ್ನು ಇನ್ನೊಂದು ತೂತಿಗೆ ಹಾಕಿದೆ, ಪರದೆ ಬೆಳಗಿತು.

ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವರನ್ನು ಇಪ್ಪತ್ತು ವರ್ಷದಿಂದ ನಾನು ಮೊದಲು ಕೇಳುವುದೇ "ಕೆಡೋ ಮುಂಚೆ ಏನ್ ಮಾಡಿದ್ರಿ?" ಎಂದು. ಇವಳನ್ನು ಕೇಳಲಿಲ್ಲ. ಇನ್ನೂ ಏನೇನು ಕೇಳದೆ ಬಿಟ್ಟಿದ್ದೇನೋ. ಕಣ್ಣು ಎಳೆಯುತ್ತಿದೆ. ಅವಳಿನ್ನೂ ಟೈಪ್ ಮಾಡುತ್ತಿದ್ದಾಳೆ. ಹೋಗಿ "ಊಟ ಆಯ್ತಾ" ಅಂತಲಾದರೂ...